ಕೈ ಒಂದೇ, ಇಂಗ್ಲಿಷ್‌ನಲ್ಲಿ ಎರಡು

ಇಂಗ್ಲಿಷ್ ಪದಗಳನ್ನು ಕಲಿಯಲು ನಾನು ಮಾಡಿದ ಮೊದಲ ಕಾರ್ಡುಗಳ ಕಟ್ಟು ಪೂರ್ತಿ ದಂಡವಾಯಿತು. ಒಂದು ಬದಿಗೆ ಇಂಗ್ಲಿಷ್ ಪದ, ಇನ್ನೊಂದು ಬದಿಗೆ ಕನ್ನಡ ಅರ್ಥ ಬರೆದಿದ್ದೆ. ‘ಹ್ಯಾಂಡ್’ ಹಿಂದೆ ಕೈ. ‘ಆರ್ಮ್’ ಹಿಂದೆಯೂ ಕೈ! ಕನ್ನಡದ ಬದಿ ಮೇಲೆ ಬಂದಾಗ ಯಾವುದನ್ನು ಹೇಳುವುದು? ‘ಲೆಗ್’, ‘ಫುಟ್’ ಎರಡೂ ಕಾಲು. ‘ಫಿಂಗರ್’, ‘ಟೋ’ ಎರಡೂ ಬೆರಳು. ಅರ್ಥ ಬರೆಯುವುದನ್ನೇ ಬಿಟ್ಟು ಚಿತ್ರ ಬಿಡಿಸಲು ಶುರು ಮಾಡಿದೆ.

ದಪ್ಪ ಕಾಗದ ತೊಗೊಳ್ಳಿ. ತೆಳು ಹಾಳೆಯಾದರೆ ಹಿಂದಿನ ಅಕ್ಷರ ಕಾಣುತ್ತದೆ. ಎ4 ಹಾಳೆಯನ್ನು ಮೂರು ಸಲ ಅರ್ಧಕ್ಕೆ ಮಡಚಿ, ಮಡಿಕೆಗಳಲ್ಲಿ ಕತ್ತರಿಸಿದರೆ ಎಂಟು ಕಾರ್ಡು.

ಮುಂದೆ ಬರೀ ಚಿತ್ರ. ಹಿಂದೆ ಇಂಗ್ಲಿಷ್ ಪದ, ಅದರ ಕೆಳಗೆ ನಿಮ್ಮದೇ ಒಂದು ಪುಟ್ಟ ವಾಕ್ಯ. ಕೈಗೆ ನಾನು ಮಾಡಿದ್ದು ಹೀಗೆ: ಎರಡು ಕಾರ್ಡಿನಲ್ಲೂ ಭುಜದಿಂದ ಬೆರಳ ತುದಿಯವರೆಗೆ ಒಂದೇ ಚಿತ್ರ. ಒಂದರಲ್ಲಿ ಭುಜದಿಂದ ಮಣಿಕಟ್ಟಿನವರೆಗೆ ಬಣ್ಣ, ಅದು ‘ಆರ್ಮ್’. ಇನ್ನೊಂದರಲ್ಲಿ ಮಣಿಕಟ್ಟಿನಿಂದ ಮುಂದಕ್ಕೆ, ಅದು ‘ಹ್ಯಾಂಡ್’. ಬಾಯಲ್ಲಿ ಬಾರದ ಅಕ್ಷರವನ್ನು ಕೆಂಪಲ್ಲಿ ಬರೆಯಿರಿ. ಮೊಣಕಾಲಿನ ‘ನೀ’ಗೆ ಮೊದಲಿನ ‘ಕೆ’, ಹೆಬ್ಬೆರಳಿನ ‘ಥಮ್’ಗೆ ಕೊನೆಯ ‘ಬಿ’.

ವಸ್ತುಗಳು ಸುಲಭ, ಕೆಲಸ ಹೇಳುವ ಪದಗಳೇ ಕಷ್ಟ. ‘ಬಾರೋ’, ‘ಲೆಂಡ್’ ನನ್ನನ್ನು ತುಂಬಾ ಸತಾಯಿಸಿದವು. ಕೊನೆಗೆ ಇಬ್ಬರು ಕಡ್ಡಿ ಮನುಷ್ಯರನ್ನು ಬಿಡಿಸಿ, ನಡುವೆ ಪುಸ್ತಕ ಇಟ್ಟೆ. ಟೋಪಿ ಹಾಕಿದವನು ನಾನು. ಬಾಣ ನನ್ನ ಕಡೆ ಬಂದರೆ ‘ಬಾರೋ’, ನನ್ನಿಂದ ಆಚೆ ಹೋದರೆ ‘ಲೆಂಡ್’. ವಾಪಸ್ ಕೊಡುವ ವಸ್ತು ಅಲ್ವಾ, ಅದಕ್ಕೆ ಚುಕ್ಕೆಗಳ ಇನ್ನೊಂದು ಬಾಣ. ಪುಸ್ತಕವನ್ನೇ ‘ಇಲ್ಲಿ ಬಾರೋ’ ಎಂದು ಕರೆದಂತೆ ನೆನಪಿಟ್ಟುಕೊಂಡೆ, ಆಮೇಲೆ ತಪ್ಪಲಿಲ್ಲ.

ಚಿತ್ರ ಚೆನ್ನಾಗಿರಬೇಕೆಂದೇನೂ ಇಲ್ಲ. ನನ್ನ ಕುದುರೆ ನೋಡಿದರೆ ನಾಯಿ ಅನಿಸುತ್ತದೆ, ಆದರೆ ಬಿಡಿಸಿದವನಿಗೆ ಅದು ಕುದುರೆಯೇ. ನಿಮಗೇ ಗೊಂದಲವಾದರೆ ಮಾತ್ರ ತಿದ್ದಿ. ‘ಕಪ್‌ಬೋರ್ಡ್’ ಚಿತ್ರ ನೋಡಿ ಎರಡು ಸಲ ‘ಫ್ರಿಜ್’ ಅಂದೆ. ಒಳಗೆ ಅಂಗಿ ನೇತುಹಾಕಿದ ಮೇಲೆ ಸರಿಹೋಯಿತು.

ದಿನಕ್ಕೆ ಐದು ಹೊಸ ಕಾರ್ಡು ಸಾಕು, ಜಾಸ್ತಿ ಬೇಡ. ಓದುವುದಕ್ಕೆ ಮೂರು ಡಬ್ಬಿ ಇಡಿ. 1972ರಲ್ಲಿ ಜರ್ಮನಿಯ ಪತ್ರಕರ್ತ ಸೆಬಾಸ್ಟಿಯನ್ ಲೈಟ್ನರ್ ತಮ್ಮ ಪುಸ್ತಕದಲ್ಲಿ ಹೇಳಿಕೊಟ್ಟ ಉಪಾಯವನ್ನು ನಾನು ಸ್ವಲ್ಪ ಚಿಕ್ಕದು ಮಾಡಿಕೊಂಡಿದ್ದೇನೆ. ಮೊದಲ ಡಬ್ಬಿ ದಿನಾ, ಎರಡನೆಯದು ಮೂರು ದಿನಕ್ಕೊಮ್ಮೆ, ಮೂರನೆಯದು ವಾರಕ್ಕೊಮ್ಮೆ. ಸರಿ ಹೇಳಿದರೆ ಕಾರ್ಡು ಮುಂದಿನ ಡಬ್ಬಿಗೆ. ತಪ್ಪಿದರೆ, ಅದು ಮೂರನೆಯದರಲ್ಲಿದ್ದರೂ, ಸೀದಾ ಮೊದಲನೆಯದಕ್ಕೆ. ಸುಮ್ನೆ ಮನಸ್ಸಲ್ಲಿ ಅಂದುಕೊಂಡು ತಿರುಗಿಸಬೇಡಿ. ಪದವನ್ನು ಬಾಯಿಬಿಟ್ಟು ಹೇಳಿ, ಆಮೇಲೆ ಹಿಂದೆ ನೋಡಿ. ‘ಗೊತ್ತಿತ್ತು, ನಾಲಿಗೆ ತುದಿಯಲ್ಲಿತ್ತು’ ಅನ್ನುವುದೂ ತಪ್ಪಿನ ಲೆಕ್ಕಕ್ಕೇ.