ರೆಸಿಡೆನ್ಸಿ ಅವಧಿಯೊಳಗೆ ಸಂಶೋಧನಾ ಯೋಜನೆಯನ್ನು ಮುಗಿಸುವ ಬಗೆ

ಆಸ್ಪತ್ರೆ ಫಾರ್ಮಸಿ ರೆಸಿಡೆನ್ಸಿಯ (ಪದವಿಯ ನಂತರ ಆಸ್ಪತ್ರೆಯಲ್ಲೇ ಪಡೆಯುವ ತರಬೇತಿಯ) ಒಂದು ವರ್ಷದಲ್ಲಿ ವಾರ್ಡ್ ಭೇಟಿ, ಔಷಧ ವಿತರಣೆ ಮತ್ತು ಪಾಳಿ ಕೆಲಸಗಳನ್ನು ಕಳೆದರೆ ಸಂಶೋಧನೆಗೆ ಉಳಿಯುವ ಸಮಯ ಬಹಳ ಕಡಿಮೆ. ಆದ್ದರಿಂದ ವಿಷಯವನ್ನು ಆರಿಸುವಾಗಲೇ, ಅದರ ಉತ್ತರಕ್ಕೆ ಬೇಕಾದ ಮಾಹಿತಿ ಆಸ್ಪತ್ರೆಯ ದಾಖಲೆಗಳಲ್ಲಿ ಈಗಾಗಲೇ ಇದೆಯೇ ಎಂದು ವಿಚಾರಿಸಿಕೊಳ್ಳಬೇಕು. ‘ವ್ಯಾಂಕೊಮೈಸಿನ್ ಎಂಬ ಪ್ರತಿಜೀವಕ ಸುರಕ್ಷಿತವೇ’ ಎಂಬ ಪ್ರಶ್ನೆಗೆ ಒಂದು ವರ್ಷ ಸಾಲದು. ವ್ಯಾಂಕೊಮೈಸಿನ್ ಜೊತೆಗೆ ಪೈಪರಾಸಿಲಿನ್-ಟಾಜೊಬ್ಯಾಕ್ಟಮ್ ಎಂಬ ಪ್ರತಿಜೀವಕ ಮಿಶ್ರಣವನ್ನು ಪಡೆದ ವಯಸ್ಕರಲ್ಲಿ, ವ್ಯಾಂಕೊಮೈಸಿನ್ ಜೊತೆಗೆ ಸೆಫೆಪೈಮ್ ಎಂಬ ಇನ್ನೊಂದು ಪ್ರತಿಜೀವಕವನ್ನು ಪಡೆದವರಿಗಿಂತ, ತೀವ್ರ ಮೂತ್ರಪಿಂಡ ಹಾನಿ ಹೆಚ್ಚಾಗಿ ಕಾಣಿಸುತ್ತದೆಯೇ ಎಂಬ ಪ್ರಶ್ನೆಯನ್ನಾದರೆ ಹಳೆಯ ದಾಖಲೆಗಳ ಪರಿಶೀಲನೆಯಿಂದಲೇ ಅಧ್ಯಯನ ಮಾಡಬಹುದು.

ನೈತಿಕ ಸಮಿತಿಗೆ ಅರ್ಜಿಯನ್ನು ಮೊದಲ ಕೆಲವು ವಾರಗಳಲ್ಲೇ ಸಲ್ಲಿಸಿ. ಅನುಮತಿ ಬರುವ ಮುನ್ನ ರೋಗಿಗಳ ಮಾಹಿತಿಯನ್ನು ಸಂಗ್ರಹಿಸಲು ತೊಡಗಬಾರದು. ಕಾಯುವ ಈ ಅವಧಿಯಲ್ಲೇ ಸಂಖ್ಯಾಶಾಸ್ತ್ರಜ್ಞರನ್ನು ಕಂಡು, ಸಾಮಾನ್ಯವಾಗಿ ಬಳಸುವ 80 ಪ್ರತಿಶತ ಪವರ್ (ನಿಜವಾದ ವ್ಯತ್ಯಾಸವನ್ನು ಪತ್ತೆಹಚ್ಚುವ ಸಂಭವ) ಮತ್ತು 0.05 ಆಲ್ಫಾ ಮಟ್ಟಕ್ಕೆ (ಇಲ್ಲದ ವ್ಯತ್ಯಾಸವನ್ನು ಇದೆಯೆಂದು ತಪ್ಪಾಗಿ ಹೇಳುವ ಸಂಭವ) ಎಷ್ಟು ರೋಗಿಗಳು ಬೇಕು ಎಂದು ಲೆಕ್ಕ ಹಾಕಿಸಿ. ಅಷ್ಟು ರೋಗಿಗಳು ಸಿಗುವಂತಿಲ್ಲದಿದ್ದರೆ ಪ್ರಶ್ನೆಯನ್ನು ಬದಲಾಯಿಸಲು ಅದೇ ಸರಿಯಾದ ಸಮಯ.

ನನ್ನ ದೃಷ್ಟಿಯಲ್ಲಿ ಯೋಜನೆಯ ಅಳಿವು ಉಳಿವು ನಿರ್ಧಾರವಾಗುವುದು ಪ್ರತಿಯೊಂದು ಅಂಶದ ವ್ಯಾಖ್ಯೆಯನ್ನು ಬರೆದಿಡುವ ಹಂತದಲ್ಲಿ. ಮೂತ್ರಪಿಂಡ ರೋಗಗಳ ಅಂತರರಾಷ್ಟ್ರೀಯ ಮಾರ್ಗಸೂಚಿ ಸಂಸ್ಥೆಯಾದ ಕೆಡಿಗೊದ (KDIGO) 2012ರ ಮಾರ್ಗಸೂಚಿಯ ಪ್ರಕಾರ, ಸೀರಮ್ ಕ್ರಿಯೇಟಿನಿನ್ (ಮೂತ್ರಪಿಂಡಗಳು ಹೊರಹಾಕುವ ತ್ಯಾಜ್ಯವೊಂದರ ರಕ್ತದಲ್ಲಿನ ಮಟ್ಟ) 48 ಗಂಟೆಗಳೊಳಗೆ ಡೆಸಿಲೀಟರಿಗೆ 0.3 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಏರಿದರೆ, ಇಲ್ಲವೇ 7 ದಿನಗಳೊಳಗೆ ಮೂಲ ಮಟ್ಟದ 1.5 ಪಟ್ಟು ತಲುಪಿದರೆ, ಅದು ತೀವ್ರ ಮೂತ್ರಪಿಂಡ ಹಾನಿ. ಆದರೆ ಮೂಲ ಮಟ್ಟ ಯಾವುದು? ದಾಖಲಾದ ದಿನದ ಮೌಲ್ಯವೇ, ಹಿಂದಿನ ತಿಂಗಳುಗಳಲ್ಲಿ ದೊರೆತ ಅತಿ ಕಡಿಮೆ ಮೌಲ್ಯವೇ, ಮೊದಲ ಡೋಸಿಗೆ ಸ್ವಲ್ಪ ಮುಂಚಿನದೇ? ಸೋಂಕಿನಿಂದ ಬಳಲಿ ಬಂದ ರೋಗಿಯ ಕ್ರಿಯೇಟಿನಿನ್ ದಾಖಲಾಗುವಾಗಲೇ ಏರಿರಬಹುದು. ಅದನ್ನೇ ಮೂಲವೆಂದು ಹಿಡಿದರೆ ನಿಜವಾದ ಹಾನಿ ಲೆಕ್ಕದಿಂದ ತಪ್ಪಿಹೋಗುತ್ತದೆ. ಅದೇ ಮಾರ್ಗಸೂಚಿಯಲ್ಲಿ ಮೂತ್ರದ ಪ್ರಮಾಣದ ಮಾನದಂಡವೂ ಇದೆ, ಆದರೆ ಸಾಮಾನ್ಯ ವಾರ್ಡುಗಳಲ್ಲಿ ಗಂಟೆ ಗಂಟೆಯ ಮೂತ್ರದ ಲೆಕ್ಕ ಅಪರೂಪ. ಅದನ್ನು ಕೈಬಿಡುವುದಾದರೆ ಪ್ರೋಟೊಕಾಲಿನಲ್ಲೇ (ಅಧ್ಯಯನದ ಲಿಖಿತ ಯೋಜನೆಯಲ್ಲೇ) ಹಾಗೆಂದು ಬರೆಯಿರಿ. ಮೂತ್ರಪಿಂಡದ ಕಾರ್ಯಕ್ಷಮತೆಯನ್ನು ಅಂದಾಜು ಮಾಡುವ ಕಾಕ್‌ಕ್ರಾಫ್ಟ್-ಗಾಲ್ಟ್ ಸೂತ್ರಕ್ಕೆ ನಿಜವಾದ ತೂಕವನ್ನು ಬಳಸುತ್ತೀರೋ ಆದರ್ಶ ತೂಕವನ್ನೋ ಎಂಬುದೂ ಹೀಗೆಯೇ ಮೊದಲೇ ತೀರ್ಮಾನವಾಗಬೇಕು.

ವ್ಯಾಖ್ಯೆಗಳು ಸಿದ್ಧವಾದ ಮೇಲೆ, ಹತ್ತು ಹದಿನೈದು ದಾಖಲೆಗಳನ್ನು ನೀವು ಮತ್ತು ಸಹೋದ್ಯೋಗಿಯೊಬ್ಬರು ಪ್ರತ್ಯೇಕವಾಗಿ ಓದಿ, ಮಾಹಿತಿಯನ್ನು ತುಂಬಿ, ಹೋಲಿಸಿ ನೋಡಿ. ಇಬ್ಬರ ಉತ್ತರ ಬೇರೆಯಾದ ಕಡೆಯಲ್ಲೆಲ್ಲ ವ್ಯಾಖ್ಯೆ ಇನ್ನೂ ಸಡಿಲವಾಗಿದೆ ಎಂದರ್ಥ. ರೋಗಿಯ ಹೆಸರಿನ ಬದಲು ಸಂಕೇತ ಸಂಖ್ಯೆಯನ್ನು ಬಳಸಿ, ಅದರ ಕೀಲಿಪಟ್ಟಿಯನ್ನು ಬೇರೆ ಕಡತದಲ್ಲಿ ಕಾಪಾಡಿ.

ವಿಧಾನದ ಅಧ್ಯಾಯವನ್ನು ಪ್ರೋಟೊಕಾಲಿನಿಂದಲೇ ಕೂಡಲೇ ಬರೆದುಬಿಡಿ, ಕೋಷ್ಟಕಗಳನ್ನೂ ಖಾಲಿಯಾಗಿಯೇ ಹಾಕಿಟ್ಟುಕೊಳ್ಳಿ. ಫಲಿತಾಂಶ ಬಂದಾಗ ಪಿ-ಮೌಲ್ಯವೊಂದನ್ನೇ (ವ್ಯತ್ಯಾಸವೇ ಇಲ್ಲದಿದ್ದಾಗಲೂ ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಂಭವ) ನೆಚ್ಚದೆ ವಿಶ್ವಾಸಾಂತರವನ್ನೂ (ನಿಜವಾದ ಮೌಲ್ಯ ಇರಬಹುದಾದ ವ್ಯಾಪ್ತಿ) ವರದಿ ಮಾಡಿ, ಮಿತಿಗಳನ್ನು ಮುಚ್ಚಿಡದೆ ಹೇಳಿ: ಪೈಪರಾಸಿಲಿನ್ ಮೂತ್ರಪಿಂಡದ ನಾಳಿಕೆಗಳಲ್ಲಿ ಕ್ರಿಯೇಟಿನಿನ್ ಸ್ರಾವವನ್ನು ತಡೆದು, ನಿಜವಾದ ಹಾನಿಯಿಲ್ಲದೆಯೂ ಮೌಲ್ಯವನ್ನು ಏರಿಸಬಹುದೆಂಬ ವಾದವನ್ನು ಇಂಥ ಅಧ್ಯಯನ ಚರ್ಚಿಸಲೇಬೇಕು. ವ್ಯತ್ಯಾಸ ಕಾಣದಿದ್ದರೂ ಅದು ಫಲಿತಾಂಶವೇ, ಅದನ್ನೂ ಪ್ರಕಟಣೆಗೆ ಕಳುಹಿಸಿ. ಲೇಖಕರ ಕ್ರಮವನ್ನೂ, ನೀವು ಹೊರಟ ಮೇಲೆ ಪತ್ರಿಕೆಯ ವಿಮರ್ಶಕರಿಗೆ ಯಾರು ಉತ್ತರಿಸುತ್ತಾರೆ ಎಂಬುದನ್ನೂ ಮಾರ್ಗದರ್ಶಕರೊಂದಿಗೆ ರೆಸಿಡೆನ್ಸಿ ಮುಗಿಯುವ ಮುನ್ನವೇ ಲಿಖಿತವಾಗಿ ಗೊತ್ತುಮಾಡಿಕೊಳ್ಳಿ.