ದನಿಯಿಲ್ಲದ ಅಕ್ಷರವನ್ನು ಓದುವುದು ಹೇಗೆ?

ರಷ್ಯನ್ ವರ್ಣಮಾಲೆಯ 33 ಅಕ್ಷರಗಳಲ್ಲಿ 30ನೆಯದು ‘ಮ್ಯಾಖ್ಕಿ ಜ್ನಾಕ್’, ಅಂದರೆ ಮೃದು ಚಿಹ್ನೆ. ನೋಡಲು ಇಂಗ್ಲಿಷಿನ ಸಣ್ಣ ‘ಬಿ’ಯ ಕಂಬವನ್ನು ಮೊಟಕು ಮಾಡಿದಂತಿದೆ. ಅದಕ್ಕೆ ಸ್ವಂತ ದನಿಯಿಲ್ಲ, ಸಾಮಾನ್ಯವಾಗಿ ತನ್ನ ಹಿಂದಿನ ವ್ಯಂಜನವನ್ನು ಮೆದುಗೊಳಿಸುತ್ತದೆ. ಹಾಗೆಂದು ಬಿಟ್ಟುಬಿಟ್ಟರೆ ಮಾತೇ ಬದಲಾಗುತ್ತದೆ. ‘ಬ್ರಾತ್’ ಎಂದರೆ ಸಹೋದರ. ಕೊನೆಗೆ ಈ ಚಿಹ್ನೆ ಬಂದರೆ ‘ತೆಗೆದುಕೊಳ್ಳುವುದು’. ‘ಊಗಲ್’ ಮೂಲೆ, ಚಿಹ್ನೆ ಸೇರಿದರೆ ಕಲ್ಲಿದ್ದಲು.

ಮೊದಲು ಕನ್ನಡದ ‘ಇ’ ಹೇಳಿ, ನಾಲಿಗೆಯನ್ನು ಗಮನಿಸಿ. ಅದರ ನಡುಭಾಗ ಅಂಗುಳದತ್ತ ಏರಿರುತ್ತದೆ. ಅದನ್ನು ಇಳಿಯಗೊಡದೆ ‘ಲ್’ ಹೇಳಿ. ‘ಲಿ’ ಎನ್ನಲು ಹೊರಟು, ಇಕಾರ ಹೊರಬೀಳುವ ಮುನ್ನವೇ ದನಿಯನ್ನು ನಿಲ್ಲಿಸಬೇಕು. ನಾವು ಎಡವುವುದು ಇಲ್ಲಿಯೇ. ಪದವನ್ನು ಸ್ವರದಿಂದ ಮುಗಿಸಿ ರೂಢಿಯಾದ ನಾಲಿಗೆ ‘ಬ್ರಾತ್ಯ’ ಎಂದುಬಿಡುತ್ತದೆ. ಆ ಯಕಾರ ಬೇಡವೇ ಬೇಡ. ಈ ಚಿಹ್ನೆ ಒಂದು ಕಾಲದಲ್ಲಿ ಅತಿ ಹ್ರಸ್ವವಾದ ಇಕಾರವೇ ಆಗಿತ್ತು. ಶತಮಾನಗಳ ಹಿಂದೆ ಆ ಸ್ವರ ಅಳಿಯಿತು, ಅದು ವ್ಯಂಜನಕ್ಕೆ ಕೊಟ್ಟ ಮೆದುತನ ಮಾತ್ರ ಉಳಿಯಿತು. ಇದು ನೆನಪಿದ್ದರೆ ಅರ್ಧ ದಾರಿ ಸಾಗಿದಂತೆ.

ಅಭ್ಯಾಸಕ್ಕೆ ತಿಂಗಳುಗಳ ಹೆಸರುಗಳಿಗಿಂತ ಒಳ್ಳೆಯ ಪಾಠ ನನಗೆ ಕಂಡಿಲ್ಲ. 12ರಲ್ಲಿ 9 ಹೆಸರುಗಳು ಈ ಚಿಹ್ನೆಯಿಂದಲೇ ಮುಗಿಯುತ್ತವೆ. ಮಾರ್ಚ್, ಮೇ, ಆಗಸ್ಟ್ ಮಾತ್ರ ಹೊರತು. ಏಪ್ರಿಲ್, ಜೂನ್, ಜುಲೈಗಳಿಂದ ತೊಡಗಿ. ಮೆದು ‘ರ್’ ಕಷ್ಟದ್ದು, ಜನವರಿ ಆಮೇಲೆ ಬರಲಿ. 15ನೆಯ ಶತಮಾನದಲ್ಲಿ ಬೀದರಿಗೆ ಬಂದಿದ್ದ ವರ್ತಕ ಅಫನಾಸಿ ನಿಕಿತಿನ್‌ನ ಊರು ‘ತ್ವೇರ್’ ಕೂಡ ಇದೇ ಮೆದು ‘ರ್’ನಿಂದ ಮುಗಿಯುತ್ತದೆ.

ಚಿಹ್ನೆ ವ್ಯಂಜನಕ್ಕೂ ಸ್ವರಕ್ಕೂ ನಡುವೆ ಬಂದರೆ ಲೆಕ್ಕ ತಿರುವುಮುರುವಾಗುತ್ತದೆ. ಅಲ್ಲಿ ಯಕಾರ ಸ್ಪಷ್ಟವಾಗಿ ಕೇಳಲೇಬೇಕು. ಬೀಜಕ್ಕೆ ‘ಸೇಮ್ಯ’, ಅದರಲ್ಲಿ ಚಿಹ್ನೆಯಿಲ್ಲ. ಕುಟುಂಬ ಎಂಬ ಪದದಲ್ಲಿ ಚಿಹ್ನೆಯಿದೆ: ‘ಸಿಮ್’ ಎಂದು ಮಕಾರವನ್ನು ಮೆದುವಾಗಿ ಮುಗಿಸಿ, ‘ಯಾ’ವನ್ನು ಬೇರೆಯಾಗಿ, ಒತ್ತಿ ಹೇಳಿ.

ಪದದ ಕೊನೆಯಲ್ಲಿ ಶ, ಚಗಳ ನಂತರ ಚಿಹ್ನೆ ಬಂದಾಗ ಉಚ್ಚಾರ ಬದಲಾಗದು, ಅದು ವ್ಯಾಕರಣದ ಗುರುತು. ‘ನೋಚ್’ (ರಾತ್ರಿ) ಸ್ತ್ರೀಲಿಂಗ, ಚಿಹ್ನೆಯಿದೆ. ‘ಮ್ಯಾಚ್’ (ಚೆಂಡು) ಪುಲ್ಲಿಂಗ, ಚಿಹ್ನೆಯಿಲ್ಲ.

ಬರೆಯುವಾಗ ರಷ್ಯನ್ ಮಕ್ಕಳೂ ತಡವರಿಸುವ ಜಾಗ ಒಂದಿದೆ. ‘ಕಲಿಯುತ್ತಾನೆ’ ಮತ್ತು ‘ಕಲಿಯುವುದು’ ಎಂಬ ಎರಡೂ ರಷ್ಯನ್ ಪದಗಳ ಕೊನೆ ‘ತ್ಸಾ’ ಎಂದೇ ಕೇಳಿಸುತ್ತದೆ. ಅಲ್ಲಿನ ಶಾಲೆಯ ಉಪಾಯ ಸರಳ: ಕ್ರಿಯಾಪದಕ್ಕೆ ಪ್ರಶ್ನೆ ಹಾಕಿ. ‘ಏನು ಮಾಡುತ್ತಾನೆ?’ ಎಂಬ ರಷ್ಯನ್ ಪ್ರಶ್ನೆಯಲ್ಲಿ ಚಿಹ್ನೆಯಿಲ್ಲ, ಉತ್ತರದಲ್ಲೂ ಬರೆಯಬೇಡಿ. ‘ಏನು ಮಾಡುವುದು?’ ಎಂಬುದರಲ್ಲಿ ಇದೆ, ಬರೆಯಿರಿ.