‘ನನಗೆ’ ಹೋಗಿ ‘ಐ’ ಬರುವ ಜಾಗ: ಇಂಗ್ಲಿಷಿನ ‘ರನ್’ ಬಳಸುವ ಬಗೆ

ಶಿವಮೊಗ್ಗದ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಮನೆಗೆ ಫೋನ್ ಮಾಡಿ, ‘ನನಗೆ ಲೇಟಾಗ್ತಿದೆ, ದುಡ್ಡೂ ಸಾಲ್ತಾ ಇಲ್ಲ, ಮೇಲಿಂದ ಜ್ವರ ಬೇರೆ’ ಅನ್ನುವಾಗ ಕನ್ನಡದಲ್ಲಿ ಓಟದ ಮಾತೇ ಬರುವುದಿಲ್ಲ. ಇಂಗ್ಲಿಷಿನಲ್ಲಿ ಈ ಮೂರಕ್ಕೂ ‘ರನ್’ ಬೇಕು: ‘ಐ ಆ್ಯಮ್ ರನ್ನಿಂಗ್ ಲೇಟ್’, ‘ಐ ಆ್ಯಮ್ ರನ್ನಿಂಗ್ ಶಾರ್ಟ್ ಆಫ್ ಮನಿ’, ‘ಐ ಆ್ಯಮ್ ರನ್ನಿಂಗ್ ಎ ಟೆಂಪರೇಚರ್’.

ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಮೂರನೆಯ ಆವೃತ್ತಿಗಾಗಿ ಈ ಕ್ರಿಯಾಪದವನ್ನು ಪರಿಷ್ಕರಿಸಿದವರು 645 ಅರ್ಥಗಳನ್ನು ಎಣಿಸಿದ್ದಾರೆ. 1989ರ ಎರಡನೆಯ ಆವೃತ್ತಿಯಲ್ಲಿ 430 ಅರ್ಥಗಳೊಂದಿಗೆ ಮೊದಲ ಸ್ಥಾನದಲ್ಲಿದ್ದ ‘ಸೆಟ್’ ಈಗ ಹಿಂದೆ ಬಿದ್ದಿದೆ. ಅಷ್ಟನ್ನೂ ಬಾಯಿಪಾಠ ಮಾಡಲು ಹೊರಡುವುದು ದಂಡ. ಕನ್ನಡಿಗರು ಎಡವುವ ಜಾಗಗಳು ಕೆಲವೇ. ಅವುಗಳಲ್ಲಿ ದೊಡ್ಡದು ಅರ್ಥದ ತೊಡಕಲ್ಲ, ವಿಭಕ್ತಿಯ ತೊಡಕು.

ಮೊದಲು ರೂಪ

ರನ್, ರ‍್ಯಾನ್, ರನ್. ಮೂರನೆಯದು ಮತ್ತೆ ಮೊದಲನೆಯದರಂತೆಯೇ ಇರುತ್ತದೆ ಎಂಬುದನ್ನು ಮರೆತಾಗ ‘ಹ್ಯಾಸ್ ರ‍್ಯಾನ್’ ಹುಟ್ಟುತ್ತದೆ. ‘ಹ್ಯಾಸ್’, ‘ಹ್ಯಾವ್’, ‘ಹ್ಯಾಡ್’ ಬಂದರೆ ‘ರನ್’ ಮಾತ್ರ. ‘ಡಿಡ್’ ಬಂದರೂ ‘ರನ್’ ಮಾತ್ರ, ಏಕೆಂದರೆ ಭೂತಕಾಲವನ್ನು ‘ಡಿಡ್’ ಆಗಲೇ ಹೊತ್ತುಕೊಂಡಿದೆ. ‘ರನ್ನಿಂಗ್’ ಬರೆಯುವಾಗ ‘ಎನ್’ ಎರಡು ಬಾರಿ. ಉಚ್ಚಾರದಲ್ಲಿ ನಮ್ಮ ನಾಲಿಗೆ ಕೊನೆಗೊಂದು ‘ಉ’ ಸೇರಿಸಿ ಬಸ್ಸನ್ನು ‘ಬಸ್ಸು’ ಮಾಡುವಂತೆ ಇದನ್ನು ‘ರನ್ನು’ ಮಾಡುತ್ತದೆ. ಇಂಗ್ಲಿಷ್ ಮಾತಾಡುವಾಗ ‘ನ್’ಗೇ ನಿಲ್ಲಿಸಿ.

‘ಗೆ’ ಪ್ರತ್ಯಯದ ಗುಟ್ಟು

ಮೈಗೆ ಆಗುವುದು, ತಾನಾಗಿ ಒದಗುವುದು, ಕೈಮೀರಿದ್ದು, ಇವನ್ನೆಲ್ಲ ಹೇಳುವಾಗ ಕನ್ನಡ ಮನುಷ್ಯನನ್ನು ಕರ್ತೃವಿನ ಪೀಠದಿಂದ ಇಳಿಸಿ ಚತುರ್ಥಿ ವಿಭಕ್ತಿಯಲ್ಲಿ ಕೂರಿಸುತ್ತದೆ: ನನಗೆ, ಅವನಿಗೆ, ನಮಗೆ. ‘ರನ್’ ಇದಕ್ಕೆ ಉಲ್ಟಾ. ಮನುಷ್ಯನನ್ನು ಎಳೆದು ತಂದು ವಾಕ್ಯದ ತಲೆಗೆ ನಿಲ್ಲಿಸುತ್ತದೆ, ಏನೋ ಅವನೇ ಮಾಡಿದ ಹಾಗೆ.

‘ನನಗೆ ಸಾಗರದ ಪೇಟೆಯಲ್ಲಿ ಹಳೇ ಮೇಷ್ಟ್ರು ಸಿಕ್ಕಿದ್ರು’ ಎಂಬಲ್ಲಿ ಕರ್ತೃ ಮೇಷ್ಟ್ರು, ಸಿಕ್ಕಿದವರು ಅವರು. ಇಂಗ್ಲಿಷಿನಲ್ಲಿ ‘ಐ ರ‍್ಯಾನ್ ಇಂಟು ಮೈ ಓಲ್ಡ್ ಟೀಚರ್ ಇನ್ ಸಾಗರ’. ಮೊದಲೇ ಗೊತ್ತುಮಾಡಿಕೊಂಡು ಹೋದ ಭೇಟಿಗೆ ಇದು ಸಲ್ಲದು, ಆಕಸ್ಮಿಕವಾಗಿ ಎದುರಾದರೆ ಮಾತ್ರ. ಇದೇ ‘ರನ್ ಇಂಟು’ ವಾಹನಕ್ಕೆ ಸೇರಿದರೆ ಡಿಕ್ಕಿ ಎಂದರ್ಥ. ‘ದ ಜೀಪ್ ರ‍್ಯಾನ್ ಇಂಟು ಎ ಟ್ರೀ’ ಅಂದರೆ ಜೀಪು ಮರಕ್ಕೆ ಗುದ್ದಿತು. ತೊಂದರೆಗೆ ಸೇರಿದರೆ ‘ವಿ ರ‍್ಯಾನ್ ಇಂಟು ಟ್ರಬಲ್’, ಅಂದರೆ ನಮಗೆ ತೊಂದರೆ ಎದುರಾಯಿತು. ಅಲ್ಲೂ ‘ನಮಗೆ’ ಹೋಗಿ ‘ವಿ’ ಬಂತು.

‘ಅವರಿಗೆ ಅಂಗಡಿಯಲ್ಲಿ ಸಾಲ ಏರಿತು’ ಎನ್ನುವುದು ‘ದೇ ರ‍್ಯಾನ್ ಅಪ್ ಎ ಡೆಟ್ ಅಟ್ ದ ಶಾಪ್’ ಆಗುತ್ತದೆ. ‘ಮಗುವಿಗೆ ಜ್ವರ’ ಎನ್ನುವುದು ‘ದ ಚೈಲ್ಡ್ ಈಸ್ ರನ್ನಿಂಗ್ ಎ ಫೀವರ್’. ಇಲ್ಲಿ ‘ಎ’ ಬಿಡಬೇಡಿ. ‘ರನ್ನಿಂಗ್ ಫೀವರ್’ ಎಂದಷ್ಟೇ ಹೇಳಿದರೆ ಅರ್ಥವಾಗುತ್ತದೆ, ಆದರೆ ಕಿವಿಗೆ ಕಲ್ಲು ಸಿಕ್ಕ ಅನ್ನದ ಹಾಗೆ.

ಹಾಗಾಗಿ ಅನುವಾದಕ್ಕೆ ಕೂರುವ ಮೊದಲು ನಿಮ್ಮ ಕನ್ನಡ ವಾಕ್ಯದಲ್ಲಿ ‘ಗೆ’ ಹತ್ತಿದ ಮನುಷ್ಯರು ಯಾರಾದರೂ ಇದ್ದಾರಾ ನೋಡಿ. ಇದ್ದರೆ ಅವರನ್ನು ಮೊದಲು ಬರೆಯಿರಿ, ಆಮೇಲೆ ‘ರನ್’ ಹೊಂದುತ್ತದೆಯೇ ಯೋಚಿಸಿ. ಹೊಂದದ ಕಡೆಗಳೂ ಬೇಕಾದಷ್ಟಿವೆ. ‘ನನಗೆ ಹಸಿವಾಗಿದೆ’ ಎಂಬುದಕ್ಕೆ ‘ರನ್’ ಇಲ್ಲ. ‘ಗೆ’ ಒಂದು ಸುಳಿವು ಅಷ್ಟೆ.

‘ರನ್ ಔಟ್’: ಒಂದು ಹೆಸರು, ಎರಡು ಸಂಸಾರ

ಕ್ರಿಕೆಟ್ ನೋಡಿ ಬೆಳೆದವರಿಗೆ ಮೊದಲು ನೆನಪಾಗುವುದು ವಿಕೆಟ್ ಹೋಗುವ ‘ರನ್ ಔಟ್’. ಅಲ್ಲಿ ಬ್ಯಾಟ್ಸ್‌ಮನ್ ಕೆಲಸ ಮಾಡುವವನಲ್ಲ, ಅವನ ಮೇಲೆ ಕೆಲಸ ಆಗುತ್ತದೆ: ‘ಹಿ ವಾಸ್ ರನ್ ಔಟ್’. ‘ಹಿ ರ‍್ಯಾನ್ ಔಟ್’ ಎಂದರೆ ಅವನು ಹೊರಗೆ ಓಡಿದ ಎಂದಾಗಿಬಿಡುತ್ತದೆ.

ಇನ್ನೊಂದು, ಡಬ್ಬಿ ಖಾಲಿಯಾಗುವ ‘ರನ್ ಔಟ್’. ಇದಕ್ಕೆ ಎರಡು ಕಟ್ಟು. ಮನುಷ್ಯ ಮುಂದೆ ನಿಂತರೆ ‘ಆಫ್’ ಬೇಕು: ‘ವಿ ರ‍್ಯಾನ್ ಔಟ್ ಆಫ್ ಶುಗರ್’. ವಸ್ತುವೇ ಮುಂದೆ ನಿಂತರೆ ‘ಆಫ್’ ಬೇಡ: ‘ದ ಶುಗರ್ ರ‍್ಯಾನ್ ಔಟ್’. ಇವೆರಡನ್ನು ಕಲಸಿದಾಗ ‘ವಿ ರ‍್ಯಾನ್ ಔಟ್ ಶುಗರ್’ ಎಂಬ ತಪ್ಪು ಆಗುತ್ತದೆ. ‘ಪೆಟ್ರೋಲ್ ಈಸ್ ರನ್ ಔಟ್’ ಎಂಬುದೂ ಕೇಳಿಬರುವ ತಪ್ಪೇ. ‘ದ ಪೆಟ್ರೋಲ್ ಹ್ಯಾಸ್ ರನ್ ಔಟ್’ ಸರಿ.

‘ರನ್ ಔಟ್’ ಅಂದರೆ ಪೂರ್ತಿ ಖಾಲಿ. ‘ರನ್ ಲೋ’ ಅಂದರೆ ತಳ ಕಾಣುತ್ತಿದೆ, ಇನ್ನೂ ಸ್ವಲ್ಪ ಇದೆ. ‘ರನ್ ಶಾರ್ಟ್ ಆಫ್’ ಅಂದರೆ ಬೇಕಾದಷ್ಟಿಲ್ಲ. ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಹೊತ್ತಿನಲ್ಲಿ ಅದಕ್ಕೆ ಬೇಕಾದ ಮೈಲುತುತ್ತದ ಚೀಲ ತಳಕ್ಕಿಳಿದಿದ್ದರೆ ‘ರನ್ನಿಂಗ್ ಲೋ’, ಇನ್ನೆರಡು ಸಾಲು ಮರ ಬಾಕಿ ಇರುವಾಗಲೇ ಚೀಲ ಬರಿದಾದರೆ ‘ರನ್ ಔಟ್’. ಅಂಗಡಿಯವನಿಗೆ ಫೋನ್ ಮಾಡುವಾಗ ಯಾವುದನ್ನು ಹೇಳುತ್ತೀರಿ ಎಂಬುದರ ಮೇಲೆ ಅವನ ಅವಸರ ನಿಂತಿದೆ.

ಆಟದ ಮಾತು ಬಂದದ್ದಕ್ಕೆ ಇನ್ನೊಂದು. ಭದ್ರಾವತಿಯ ಜಿ. ಆರ್. ವಿಶ್ವನಾಥ್ 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ವಿರುದ್ಧ ಆಡಿದ ಮೊದಲ ಟೆಸ್ಟಿನಲ್ಲಿ ಮೊದಲ ಇನಿಂಗ್ಸ್‌ಗೆ ಸೊನ್ನೆ, ಎರಡನೆಯದಕ್ಕೆ 137. ಕನ್ನಡದಲ್ಲಿ ‘137 ರನ್ ಹೊಡೆದರು’ ಎನ್ನುತ್ತೇವೆ, ಸಂಖ್ಯೆ ಹೇಳಿದ ಮೇಲೆ ಬಹುವಚನ ಬೇಕಿಲ್ಲ. ಇಂಗ್ಲಿಷಿಗೆ ಬೇಕು: ‘ಹಿ ಸ್ಕೋರ್ಡ್ 137 ರನ್ಸ್’. ‘ಹೊಡೆ’ ಎಂದ ಮಾತ್ರಕ್ಕೆ ‘ಬೀಟ್’ ಹಾಕಬೇಡಿ. ‘ಸ್ಕೋರ್’ ಇಲ್ಲವೇ ‘ಮೇಕ್’ ಸರಿ.

ಓಡು ಮತ್ತು ಓಡಿಸು: ನಂಬಿದರೆ ಕೆಡುವ ಜೋಡಿ

ಕೆಲವು ಕಡೆ ಎರಡೂ ಭಾಷೆ ಕೈ ಹಿಡಿದುಕೊಂಡೇ ಹೋಗುತ್ತವೆ. ಸಿನಿಮಾ ಇಪ್ಪತ್ತೈದು ವಾರ ಓಡಿತು ಎಂದರೆ ‘ರ‍್ಯಾನ್ ಫಾರ್ ಟ್ವೆಂಟಿಫೈವ್ ವೀಕ್ಸ್’. ತಾಳಗುಪ್ಪದಿಂದ ಸಾಗರ, ಶಿವಮೊಗ್ಗ, ಭದ್ರಾವತಿ ದಾಟಿ ಹೋಗುವ ರೈಲು ದಿನಾ ಓಡುತ್ತದೆ ಎಂದರೆ ‘ದ ಟ್ರೇನ್ ರನ್ಸ್ ಡೈಲಿ’. ಈ ಸುಖ ಕಂಡು ಮೈಮರೆತಾಗಲೇ ಪೆಟ್ಟು.

‘ತಲೆ ಓಡ್ತಿಲ್ಲ’ ಎಂಬುದಕ್ಕೆ ‘ಮೈ ಹೆಡ್ ಈಸ್ ನಾಟ್ ರನ್ನಿಂಗ್’ ಇಲ್ಲ, ‘ಐ ಕಾಂಟ್ ಥಿಂಕ್ ಸ್ಟ್ರೇಟ್’ ಎನ್ನಬೇಕು. ‘ಬೈಕ್ ಓಡಿಸು’ ಎಂಬುದಕ್ಕೆ ‘ರೈಡ್’, ‘ಕಾರ್ ಓಡಿಸು’ ಎಂಬುದಕ್ಕೆ ‘ಡ್ರೈವ್’. ‘ರನ್ ಎ ಕಾರ್’ ಎಂಬ ಮಾತಿದೆ, ಅರ್ಥ ಬೇರೆ: ಕಾರನ್ನು ಇಟ್ಟುಕೊಂಡು ಅದರ ಪೆಟ್ರೋಲು, ಇನ್ಶೂರೆನ್ಸು, ರಿಪೇರಿ ಖರ್ಚು ಹೊರುವುದು. ಡ್ರೈವಿಂಗೇ ಬಾರದವರೂ ಆ ಲೆಕ್ಕದಲ್ಲಿ ‘ರನ್ ಎ ಕಾರ್’ ಮಾಡಬಹುದು. ತೋಟಕ್ಕೆ ಬಂದ ಮಂಗ ಓಡಿಸಲು ‘ಚೇಸ್ ಅವೇ’ ಅಥವಾ ‘ಡ್ರೈವ್ ಆಫ್’ ಬೇಕು. ‘ಐ ರ‍್ಯಾನ್ ದ ಮಂಕೀಸ್’ ಎಂದರೆ ಕೇಳಿದವರು ನೀವು ಮಂಗಗಳ ಸಂಸ್ಥೆ ನಡೆಸುತ್ತಿದ್ದಿರಿ ಎಂದುಕೊಂಡಾರು.

ಓಡುತ್ತಿರುವ ಬಸ್ಸು ಹತ್ತಬೇಡಿ ಎನ್ನಲು ‘ಮೂವಿಂಗ್ ಬಸ್’ ಎನ್ನಿ. ನಮ್ಮ ಶಾಲೆಗಳ ಕ್ರೀಡಾಕೂಟದ ‘ರನ್ನಿಂಗ್ ರೇಸ್’ ಇಲ್ಲಿ ಎಲ್ಲರಿಗೂ ತಿಳಿಯುತ್ತದೆ, ಹೊರಗಿನವರಿಗೆ ‘ರೇಸ್’ ಅಷ್ಟೇ ಸಾಕು.

‘ನಡೆ’ ಮತ್ತು ‘ನಡೆಸು’ ಇನ್ನೂ ಜಾಣ ಜೋಡಿ. ಹೋಟೆಲ್, ಅಂಗಡಿ, ಸಂಘ, ಅಡಿಕೆ ಸುಲಿಯುವ ಮಿಷನ್ ನಡೆಸುವುದಕ್ಕೆಲ್ಲ ‘ರನ್’ ಸರಾಗವಾಗಿ ಹೊಂದುತ್ತದೆ: ‘ಶೀ ರನ್ಸ್ ಎ ಹೋಟೆಲ್ ಇನ್ ತೀರ್ಥಹಳ್ಳಿ’. ಮಾಲೀಕಳೇ ಆಗಿರಬೇಕೆಂದಿಲ್ಲ, ದಿನದ ವ್ಯವಹಾರ ನೋಡಿಕೊಳ್ಳುವವಳಾದರೆ ಸಾಕು. ಆದರೆ ‘ಸಂಸಾರ ನಡೆಸು’ ಎಂಬುದು ‘ರನ್ ಎ ಫ್ಯಾಮಿಲಿ’ ಅಲ್ಲ, ‘ರನ್ ಎ ಹೌಸ್‌ಹೋಲ್ಡ್’. ಪರೀಕ್ಷೆ ನಡೆಸಲು ‘ಹೋಲ್ಡ್’ ಅಥವಾ ‘ಕಂಡಕ್ಟ್’. ರಕ್ತಪರೀಕ್ಷೆಯಾದರೆ ಮಾತ್ರ ಡಾಕ್ಟರು ‘ರನ್ ಎ ಟೆಸ್ಟ್’ ಎನ್ನುತ್ತಾರೆ. ಇನ್ನು ತಾನಾಗಿ ‘ನಡೆಯುತ್ತಿರುವ’ ಕ್ಲಾಸು, ಸಭೆ, ಮದುವೆಗೆಲ್ಲ ‘ಗೋಯಿಂಗ್ ಆನ್’. ‘ಕ್ಲಾಸ್ ಈಸ್ ರನ್ನಿಂಗ್’ ನಮ್ಮ ಕಾಲೇಜು ಕಾರಿಡಾರುಗಳಲ್ಲಿ ಎಷ್ಟು ಬೇರು ಬಿಟ್ಟಿದೆಯೆಂದರೆ ತಪ್ಪೆಂದು ಒಪ್ಪಿಸುವುದೇ ಕಷ್ಟ. ವಯಸ್ಸಿನ ವಿಷಯವೂ ಅಷ್ಟೆ. ‘ಹದಿನೈದು ತುಂಬಿ ಹದಿನಾರು ನಡೀತಿದೆ’ ಎಂಬುದಕ್ಕೆ ‘ಸಿಕ್ಸ್‌ಟೀನ್ ರನ್ನಿಂಗ್’ ಅಲ್ಲ, ‘ಫಿಫ್ಟೀನ್, ಗೋಯಿಂಗ್ ಆನ್ ಸಿಕ್ಸ್‌ಟೀನ್’.

ಚುನಾವಣೆಗೆ ನಾವು ನಿಲ್ಲುತ್ತೇವೆ, ಅಮೆರಿಕದವರು ಓಡುತ್ತಾರೆ, ಬ್ರಿಟಿಷರು ನಮ್ಮಂತೆ ನಿಲ್ಲುತ್ತಾರೆ. 1952ರಲ್ಲಿ ಶಾಂತವೇರಿ ಗೋಪಾಲಗೌಡರು ವಿಧಾನಸಭೆಗೆ ನಿಂತು ಗೆದ್ದರು ಎಂಬುದನ್ನು ‘ಸ್ಟುಡ್ ಫಾರ್’ ಎಂದಾದರೂ ಬರೆಯಿರಿ, ‘ರ‍್ಯಾನ್ ಫಾರ್’ ಎಂದಾದರೂ ಬರೆಯಿರಿ, ಎರಡೂ ಸರಿ. ಒಂದೇ ಬರಹದಲ್ಲಿ ಎರಡನ್ನೂ ಬೆರೆಸಬೇಡಿ.

ಹೊಳೆ, ರಸ್ತೆ, ಮೂಗು, ಬಣ್ಣ

ನಿರ್ಜೀವ ವಸ್ತು ಕರ್ತೃವಾದರೆ ಕನ್ನಡ ಒಂದೊಂದಕ್ಕೂ ಬೇರೆ ಬೇರೆ ಕ್ರಿಯಾಪದ ಕೊಡುತ್ತದೆ. ಹೊಳೆ ಹರಿಯುತ್ತದೆ, ಮೂಗು ಸೋರುತ್ತದೆ, ಸೀರೆಯ ಬಣ್ಣ ಬಿಡುತ್ತದೆ, ಬಾವಿ ಬತ್ತುತ್ತದೆ. ಇಂಗ್ಲಿಷಿನಲ್ಲಿ ಎಲ್ಲವೂ ‘ರನ್’: ‘ದ ರಿವರ್ ರನ್ಸ್’, ‘ಮೈ ನೋಸ್ ಈಸ್ ರನ್ನಿಂಗ್’, ‘ದ ಕಲರ್ ರ‍್ಯಾನ್’, ‘ದ ವೆಲ್ ರ‍್ಯಾನ್ ಡ್ರೈ’.

ಇಲ್ಲಿ ಕಾಲದ ರೂಪ ನೋಡಿಕೊಳ್ಳಿ. ತುಂಗೆ ಶೃಂಗೇರಿ, ತೀರ್ಥಹಳ್ಳಿ, ಶಿವಮೊಗ್ಗದ ಮೇಲೆ ಹಾದು ಕೂಡ್ಲಿಯಲ್ಲಿ ಭದ್ರೆಯನ್ನು ಸೇರುವುದು ಇವತ್ತಿನ ಸುದ್ದಿಯಲ್ಲ, ಯಾವಾಗಲೂ ಇರುವುದು. ಆದ್ದರಿಂದ ‘ರನ್ಸ್’. ಮಂಡಗದ್ದೆಯ ಹತ್ತಿರ ರಸ್ತೆ ಹೊಳೆಯ ಪಕ್ಕದಲ್ಲೇ ಹೋಗುತ್ತದೆ ಎನ್ನಲು ‘ದ ರೋಡ್ ರನ್ಸ್ ಅಲಾಂಗ್ ದ ರಿವರ್’. ‘ಈಸ್ ರನ್ನಿಂಗ್’ ಹಾಕಿದರೆ ರಸ್ತೆ ಎದ್ದು ಹೊರಟ ಹಾಗೆ. ಮೂಗು, ನಲ್ಲಿ, ತಡವಾದ ಬಸ್ಸು ಈಗಿನ ಸಂಗತಿಗಳು, ಅವಕ್ಕೆ ‘ಈಸ್ ರನ್ನಿಂಗ್’.

‘ರನ್ ಎ ಬಾತ್’ ಅಂದರೆ ಟಬ್ಬಿಗೆ ನಲ್ಲಿ ಬಿಟ್ಟು ನೀರು ತುಂಬಿಸುವುದು. ಹಂಡೆ ಒಲೆಯ ಬಚ್ಚಲಲ್ಲಿ ಈ ಮಾತಿಗೆ ಕೆಲಸವಿಲ್ಲ.

‘ರನ್’ ಆದಮೇಲೆ ಬರುವ ‘ಡ್ರೈ’, ‘ಲೋ’, ‘ಹೈ’, ‘ವೈಲ್ಡ್’, ‘ಕೋಲ್ಡ್’ ಇವೆಲ್ಲ ಸ್ಥಿತಿಯ ಪದಗಳು, ರೀತಿಯ ಪದಗಳಲ್ಲ. ಆದ್ದರಿಂದ ಬಾಲಕ್ಕೆ ‘ಲಿ’ ಅಂಟಿಸಬಾರದು. ಸಭೆ ಕಾವೇರಿದರೆ ‘ಟೆಂಪರ್ಸ್ ರ‍್ಯಾನ್ ಹೈ’, ‘ಹೈಲಿ’ ಅಲ್ಲ.

ನುಡಿಗಟ್ಟುಗಳಲ್ಲಿ ಎರಡು

‘ರನ್ ಆಫ್ ದ ಮಿಲ್’ ಅಂದರೆ ಸಾಧಾರಣ, ವಿಶೇಷವೇನಿಲ್ಲ ಎಂದು. ಮಿಲ್ಲಿನಿಂದ ಇಳಿದ ಮಾಲು, ಇನ್ನೂ ದರ್ಜೆ ವಿಂಗಡಿಸದ್ದು ಎಂಬುದು ಮೂಲ. ಅಡಿಕೆ ಬೆಳೆಗಾರರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಬೇರೆ ಮಾಡುವ ಮೊದಲು ಅಂಗಳದಲ್ಲಿ ಒಟ್ಟಿಗೆ ಬಿದ್ದಿರುತ್ತದಲ್ಲ, ಆ ಸ್ಥಿತಿ. ನಾಮಪದದ ಮುಂದೆ ಬಂದಾಗ ನಡುವೆ ಅಡ್ಡಗೆರೆ ಹಾಕಿ ಬರೆಯಬೇಕು. ಹೊಗಳಿಕೆ ಅಂದುಕೊಂಡು ಯಾರ ಕೆಲಸಕ್ಕೂ ಇದನ್ನು ಹೇಳಬೇಡಿ.

‘ಸ್ಟಿಲ್ ವಾಟರ್ಸ್ ರನ್ ಡೀಪ್’ ಎಂಬುದಕ್ಕೆ ‘ತುಂಬಿದ ಕೊಡ ತುಳುಕುವುದಿಲ್ಲ’ ಎಂದು ಬರೆಯುವವರು ಬಹಳ. ಹತ್ತಿರ ಇದೆ, ಒಂದೇ ಅಲ್ಲ. ತುಂಬಿದ ಕೊಡ ತಿಳಿದವರ ವಿನಯದ ಮಾತು, ಪೂರ್ತಿ ಮೆಚ್ಚುಗೆ. ಇಂಗ್ಲಿಷಿನದು ಮೌನಿಯ ಒಳಗೆ ಏನಿದೆಯೋ ಹೇಳಲಾಗದು ಎನ್ನುತ್ತದೆ. ಒಳ್ಳೆಯದೂ ಇರಬಹುದು, ಸಂಚೂ ಇರಬಹುದು.

ಉಳಿದವು ಬೇಗ ಮುಗಿಯುತ್ತವೆ. ‘ಇನ್ ದ ಲಾಂಗ್ ರನ್’ ದೂರಕಾಲದ ಲೆಕ್ಕದಲ್ಲಿ, ‘ಡ್ರೈ ರನ್’ ನಿಜವಾದ ಕೆಲಸಕ್ಕೆ ಮುಂಚಿನ ತಾಲೀಮು, ‘ಆನ್ ದ ರನ್’ ತಲೆಮರೆಸಿಕೊಂಡಿರುವುದು, ‘ರನ್ ಇಟ್ ಬೈ ಮಿ’ ನನಗೊಮ್ಮೆ ಹೇಳಿ ಅಭಿಪ್ರಾಯ ಕೇಳು. ‘ಇಟ್ ರನ್ಸ್ ಇನ್ ದ ಫ್ಯಾಮಿಲಿ’ ಎಂಬಲ್ಲಿ ಮಾತ್ರ ಮನುಷ್ಯ ಕರ್ತೃವಾಗುವುದಿಲ್ಲ. ಗುಣ ಅಥವಾ ರೋಗ ಮುಂದೆ ನಿಲ್ಲುತ್ತದೆ: ‘ಯಕ್ಷಗಾನ ರನ್ಸ್ ಇನ್ ದೆರ್ ಫ್ಯಾಮಿಲಿ’.

ಅಭ್ಯಾಸ

ನೋಟ್‌ಬುಕ್ಕಿನ ಎಡಕ್ಕೆ ಕನ್ನಡ ವಾಕ್ಯ, ಬಲಕ್ಕೆ ಇಂಗ್ಲಿಷ್ ವಾಕ್ಯ ಬರೆಯಿರಿ. ‘ರನ್ = ಓಡು’ ಎಂಬಂಥ ಒಂಟಿ ಪದಗಳ ಪಟ್ಟಿ ಬೇಡ. ಕನ್ನಡದಲ್ಲಿ ‘ಗೆ’ ಇರುವಲ್ಲಿ ಗೆರೆ ಎಳೆಯಿರಿ, ಇಂಗ್ಲಿಷಿನಲ್ಲಿ ‘ರನ್’ ಆದಮೇಲೆ ಬರುವ ಪುಟ್ಟ ಪದಕ್ಕೆ ಗೆರೆ ಎಳೆಯಿರಿ. ದಿನಕ್ಕೆ ಮೂರು ವಾಕ್ಯ ಸಾಕು, ಎಲ್ಲವೂ ನಿಮ್ಮ ಮನೆ ತೋಟದ್ದೇ ಇರಲಿ. ವಾರದ ಕೊನೆಗೆ ಬಲಭಾಗ ಮುಚ್ಚಿ ಬಾಯಲ್ಲಿ ಹೇಳಿ ನೋಡಿ.

ಶುರುವಿಗೆ ನಾಲ್ಕು: ‘ನಮಗೆ ಟೈಮ್ ಮುಗೀತಾ ಇದೆ’, ‘ಬಸ್ಸು ಇಪ್ಪತ್ತು ನಿಮಿಷ ಲೇಟು’, ‘ನಾಯಿ ಲಾರಿಗೆ ಸಿಕ್ಕಿತು’, ‘ನಲ್ಲಿ ಬಿಟ್ಟೇ ಹೋಗಿದ್ದಾನೆ’.

ಉತ್ತರ: ‘ವಿ ಆರ್ ರನ್ನಿಂಗ್ ಔಟ್ ಆಫ್ ಟೈಮ್’, ‘ದ ಬಸ್ ಈಸ್ ರನ್ನಿಂಗ್ ಟ್ವೆಂಟಿ ಮಿನಿಟ್ಸ್ ಲೇಟ್’, ‘ದ ಡಾಗ್ ವಾಸ್ ರನ್ ಓವರ್ ಬೈ ಎ ಲಾರಿ’, ‘ಹಿ ಹ್ಯಾಸ್ ಲೆಫ್ಟ್ ದ ಟ್ಯಾಪ್ ರನ್ನಿಂಗ್’. ಮೂರನೆಯದರಲ್ಲಿ ‘ವಾಸ್ ರ‍್ಯಾನ್ ಓವರ್’ ಎಂದು ಬರೆದಿದ್ದರೆ ಮತ್ತೆ ಮೇಲಿನ ‘ಮೊದಲು ರೂಪ’ಕ್ಕೆ ಹೋಗಿ.